ಕಾಕಿ ಉರುಳಿಸಿದ ಉಣ್ಣೆ

ಪಕ್ಕದ ಮನೆಯ ಕಾಕಿಯ ಮುಂಗೈಗಳ ಒಳಭಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಹಳೆಯ ಲಟ್ಟಣಿಗೆಯ ಹಾಗೆ ನುಣುಪಾಗಿತ್ತು. ಹೈದರಾಬಾದಿನ ನಾಚಾರಂನ ವಠಾರಕ್ಕೆ ನಾವು ಹೊಸದಾಗಿ ಬಂದಾಗ ನಳದ ಹತ್ತಿರ ನಾನು ಅದನ್ನೇ ನೋಡುತ್ತಿದ್ದೆ. ಕೇಳದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಇದು ಹೆಂಗಾತ್ರಿ ಕಾಕಿ?"

"ಉಣ್ಣಿ ಉರುಳಿಸಿ ಉರುಳಿಸಿ ಸವದಾವ, ತಂಗಿ."

ಅವರು ಬೀದರ್ ಕಡೆಯ ಪಿಂಜಾರರು. ಗಂಡ ಸೈಕಲ್ಲಿಗೆ ಹಿಂಜುವ ಬಿಲ್ಲು ಕಟ್ಟಿಕೊಂಡು ಓಣಿ ಓಣಿ ತಿರುಗಿ, ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಕಂಪ್ಯೂಟರ್ ಕಂಪನಿಗಳು ಬಂದು ಹೈದರಾಬಾದಿನ ತುಂಬ ಫ್ಲಾಟುಗಳು ಏಳುತ್ತಿದ್ದ ಕಾಲ ಅದು. ಆ ಫ್ಲಾಟುಗಳಿಗೆಲ್ಲ ಫೋಮಿನ ಹಾಸಿಗೆ ಹೋಗುತ್ತಿತ್ತು. ಕಾಕಿಯ ತವರಿನ ಕಸುಬು ನಮದಾ, ಅಂದರೆ ಕುರಿಯ ಉಣ್ಣೆಯನ್ನು ಒತ್ತಿಯೇ ಮಾಡುವ ಹಾಸು. ನೇಯದೆ, ಹೊಲಿಯದೆ ಅದು ಹೇಗೆ ನಿಲ್ಲುತ್ತದೆ ಎಂದು ನಾನು ಅವರ ತಲೆ ತಿನ್ನುತ್ತಿದ್ದೆ.

"ಉಣ್ಣಿಗೆ ಕೈ ಇರ್ತಾವ," ಅನ್ನುತ್ತಿದ್ದರು. "ಬಿಸಿನೀರು ಬಿತ್ತಂದ್ರ ಒಂದನ್ನೊಂದು ಹಿಡಕೊಂತಾವ. ಮುಂದ ಬಿಡು ಅಂದ್ರೂ ಬಿಡಂಗಿಲ್ಲ."

ನಾನು ಬಸುರಿಯಾಗಿದ್ದ ಚಳಿಗಾಲದಲ್ಲಿ ಅವರ ತಮ್ಮ ಊರಿಂದ ಒಂದು ಚೀಲ ಕರಿ ಉಣ್ಣೆ ತಂದ. ತಣ್ಣನೆಯ ಸಿಮೆಂಟ್ ನೆಲದ ಮೇಲೆ ನಮಾಜು ಮಾಡಿ ಕಾಕಿಯ ಮಂಡಿಗಳು ಹಿಡಿದುಹೋಗಿದ್ದವು. "ನನ್ನ ನಮಾಜಿಗೊಂದು, ನಿನ್ನ ಕೂಸಿಗೊಂದು," ಎಂದು ಕೆಲಸಕ್ಕೆ ಕೂತರು.

ಗಂಡನ ಬಿಲ್ಲಿನಲ್ಲೇ ಉಣ್ಣೆ ಹಿಂಜಿ, ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಹರಡಿದರು. ಇಷ್ಟು ದೊಡ್ಡದೇಕೆ ಎಂದರೆ, "ಇದಕ್ಕ ನಾಚಿಕಿ ಭಾಳ, ನೀರು ಕಂಡ್ರ ಕುಗ್ಗತೈತಿ," ಎಂದು ನಕ್ಕರು. ಎರಡೂ ಹಾಸುಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಉರುಳಿಸುವುದು ಅವರ ರೂಢಿ, ಒಂದಕ್ಕೊಂದು ಹಿಡಿದುಕೊಳ್ಳದಂತೆ ನಡುವೆ ದಪ್ಪ ಬಟ್ಟೆ ಇರಬೇಕು. ಆ ಬಟ್ಟೆಯನ್ನು ಗಂಡ ಯಾವುದೋ ಗಾದಿಗೆ ಹೊಲಿದುಬಿಟ್ಟಿದ್ದರು. ಕಾಕಿ ತಮ್ಮ ಸವೆದ ಹಸಿರು ಸೀರೆಯ ತುಂಡು ಹಾಸಿದರು. ಸಬಕಾರದ ಬಿಸಿನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ, ಮುಂಗೈಯಿಂದ ಒತ್ತಿ ಒತ್ತಿ ಸಂಜೆಯವರೆಗೆ ಉರುಳಿಸಿದರು.

ಬಿಚ್ಚಿದಾಗ ಎರಡೂ ಹಾಸುಗಳು ಒಂದಾಗಿದ್ದವು. ಸೀರೆ ಎಷ್ಟು ತೆಳ್ಳಗಿತ್ತೆಂದರೆ, ಉಣ್ಣೆ ಅದರ ಎಳೆಗಳ ಸಂದಿಯಲ್ಲೇ ನುಗ್ಗಿ ಆಚೆಯ ಉಣ್ಣೆಯನ್ನು ಹಿಡಿದುಕೊಂಡಿತ್ತು. ಕಾಕಿ ಅಂಚನ್ನು ಎಳೆದು ನೋಡಿ ಕೈಬಿಟ್ಟರು. ಚೀಲ ಬರಿದಾಗಿತ್ತು.

"ನೀವ ಇಟ್ಕೊಳ್ರಿ, ನಿಮ್ಮ ಮಂಡಿ ನೋವು ನನಗ ಗೊತ್ತಿಲ್ಲೇನು?" ಅಂದೆ.

"ಕೂಸಿನ ಹೆಸರಿಲೆ ಹಿಂಜೀನಿ. ಹೆಂಗ ಇಟ್ಕೊಳ್ಲಿ?"

"ಹಂಗಾದ್ರ ನಮಾಜಿಗೆ ನಮ್ಮನಿಗೇ ಬರ್ರಿ."

ಬಂದರು. ಮಗಳು ಹುಟ್ಟಿದ ಮೇಲೆ, ಹಾಸು ನಮಾಜಿಗೆ ಪಾಕಾಗಿ, ಶುದ್ಧವಾಗಿ ಇರಬೇಕೆಂದು ನಾನು ಅವಳ ಕೆಳಗೆ ರಬ್ಬರ್ ಶೀಟು ಹಾಕುವುದನ್ನು ತಪ್ಪಿಸುತ್ತಿರಲಿಲ್ಲ. ಕಾಕಿ ಬಂದೊಡನೆ ಮಗಳು ನನ್ನ ತೊಡೆಗೆ, ನಮದಾ ಅವರ ಮಂಡಿಗೆ. ಮೊದಮೊದಲು ಮುಖ ಗಂಟಿಕ್ಕುತ್ತಿದ್ದ ನಮ್ಮತ್ತೆಯೇ ಆಮೇಲೆ, "ಹೊತ್ತಾತು, ಆಕಿ ಯಾಕ ಬರ್ಲಿಲ್ಲ?" ಎಂದು ಬಾಗಿಲು ನೋಡುತ್ತಿದ್ದರು.

ಮಗಳು ಓಡಾಡುವ ಹೊತ್ತಿಗೆ ಗಾದಿ ಕೇಳುವವರೇ ಇಲ್ಲವಾಗಿ ಕಾಕಾ, ಕಾಕಿ ಊರಿಗೆ ಹೊರಟರು. ಹಾಸು ಒಯ್ಯಿರೆಂದು ಹಟ ಹಿಡಿದೆ. ಕಾಕಿ ಕತ್ತರಿ ತರಿಸಿ ಒಂದು ತುದಿಯಿಂದ ಗೇಣಗಲದ ಪಟ್ಟಿ ಕತ್ತರಿಸಿಕೊಂಡರು. "ಮಂಡಿ ಊರೋವಷ್ಟು ಸಾಕು. ಉಳಿದದ್ದು ಆಕಿದು." ಕತ್ತರಿಸಿದ ಕಡೆ ಎರಡು ಕಪ್ಪು ಪದರಗಳ ನಡುವೆ ಸೀರೆಯ ಹಸಿರು ಗೆರೆ ಕಾಣುತ್ತಿತ್ತು.

ಕೆಲವು ವರ್ಷಗಳ ಮೇಲೆ ಕಾಕಾ ಒಬ್ಬರೇ ಬಾಗಿಲಿಗೆ ಬಂದು ನಿಂತರು. ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಚೀಲದಿಂದ ಆ ಪಟ್ಟಿ ತೆಗೆದು, "ಕೂಸಿಂದು ಕೂಸಿಗೆ ಮುಟ್ಟಸು ಅಂದಿದ್ಲು," ಅಂದರು.

ಪಟ್ಟಿಯ ಮೇಲೆ ಮಂಡಿ ಊರಿದ ಎರಡು ತಗ್ಗುಗಳಿದ್ದವು. ನನಗೆ ಅಳು ತಡೆಯಲಾಗಲಿಲ್ಲ. ಮಗಳು ಒಳಗಿನಿಂದ ತನ್ನ ನಮದಾ ಎಳೆದು ತಂದು, ಪಟ್ಟಿಯನ್ನು ಅದರ ತುದಿಗೆ ಹೊಂದಿಸಿಟ್ಟಳು. ಅಷ್ಟು ವರ್ಷವಾದರೂ ಕತ್ತರಿಸಿದ ಅಂಚಿನಿಂದ ಒಂದು ಎಳೆಯೂ ಬಿಟ್ಟಿರಲಿಲ್ಲ.