ಕಂಬಳಿಯೊಳಗಿನ ಬರ್ಫ

ಇವತ್ತು ಬೆಳಿಗ್ಗೆ ನಾನು ಕಲಿಸುವ ಭಾಲ್ಕಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಅನಿಲೀನ್ ಬಾಟಲಿಯ ಮುಚ್ಚಳ ತೆಗೆದೆ ನೋಡಿ, ಹಳಸಿದ ಮೀನಿನಂಥ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಕುರಿ ಉಣ್ಣೆಯ ವಾಸನೆಯೂ ಬಂತು. ಅನಿಲೀನಿಗೂ ಕುರಿಗೂ ಎಲ್ಲಿಯ ನಂಟು ಅಂತೀರಾ? ಇದೆ. ಹೇಳುತ್ತೇನೆ, ಸ್ವಲ್ಪ ನಾಚಿಕೆಯ ಕಥೆ.

ಬೀದರಿನಲ್ಲಿ ಬಿ.ಎಸ್ಸಿ. ಓದುವಾಗ ಕಡೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾಗಿದ್ದೆ. ಕಾರಣ, ಡೈಅಜೋನಿಯಂ ಲವಣ. ಅನಿಲೀನಿಗೆ ಆಮ್ಲ, ಸೋಡಿಯಂ ನೈಟ್ರೈಟ್ ಹಾಕಿ ಇದನ್ನು ಹುಟ್ಟಿಸಬೇಕು. ಮಂಜುಗಡ್ಡೆಯ ನಡುವೆ ಇಟ್ಟರಷ್ಟೇ ಬಾಳುತ್ತದೆ. ಚೂರು ಬಿಸಿ ತಾಗಿತೋ, ಮುನಿಸಿಕೊಂಡ ಬೀಗರ ಹಾಗೆ ಬುಸುಗುಟ್ಟಿ, ಗುಳ್ಳೆ ಬಿಟ್ಟು, ಕಂದು ರಾಡಿಯಾಗುತ್ತದೆ. ಎರಡನೆಯ ಸಲದ ಪರೀಕ್ಷೆ ಬಂದದ್ದು ಸುಡು ಬೇಸಿಗೆಯಲ್ಲಿ. ಕಾಲೇಜಿನ ಫ್ರಿಜ್ಜು ಕೆಟ್ಟಿತ್ತು. "ಐಸ್ ನೀವೇ ತರ್ರಿ" ಎಂದುಬಿಟ್ಟರು ಲ್ಯಾಬಿನವರು. ಈ ಸಲವೂ ಹೋದರೆ ಓದಿಗೆ ಕೈಮುಗಿದು ಔರಾದ ಕಡೆಯ ನಮ್ಮೂರಿಗೆ ಹೋಗಿ ಅಪ್ಪನ ಕುರಿ ಕಾಯುವುದೇ ಸೈ ಎಂದುಕೊಂಡಿದ್ದೆ.

ಅಪ್ಪ ತೊಗರಿ ಮಾರಲು ಬೀದರಿನ ಗಾಂಧಿ ಗಂಜ ಮಾರುಕಟ್ಟೆಗೆ ಬಂದಿದ್ದ. ವಿಷಯ ಕಿವಿಗೆ ಬಿದ್ದದ್ದೇ ಒಂದು ದೊಡ್ಡ ಮಂಜುಗಡ್ಡೆ ಕೊಂಡು, ತನ್ನ ಕಂಬಳಿಯಲ್ಲಿ ಸುತ್ತಿ, ಹೆಗಲಿಗೇರಿಸಿ ಪರೀಕ್ಷೆಯ ಹೊತ್ತಿಗೆ ಬಂದ.

"ಅಯ್ಯ ಅಪ್ಪಾ, ಕಂಬಳಿ ಹೊಚ್ಚಿದ್ರ ಬರ್ಫ ಕರಗತದ!" ಎಂದೆ. ವಿಜ್ಞಾನದ ವಿದ್ಯಾರ್ಥಿನಿ ಬೇರೆ!

"ಹುಚ್ಚಿ, ಬಿಸಿ ಯಾವ್ದು ತಂಪ ಯಾವ್ದು ಕಂಬಳಿಗಿ ಏನ್ ಗೊತ್ತದ? ಹೊರಗಿಂದು ಒಳಗ ಬಿಡಲ್ಲ, ಒಳಗಿಂದು ಹೊರಗ ಬಿಡಲ್ಲ. ನಡಿ."

ಉಳಿದವರು ಪ್ಲಾಸ್ಟಿಕ್ ಚೀಲದಲ್ಲಿ ತಂದದ್ದು ಪ್ರಶ್ನೆಪತ್ರಿಕೆ ಕೈಗೆ ಬರುವಷ್ಟರಲ್ಲಿ ನೀರಾಗಿತ್ತು. ನನ್ನದು ಗಟ್ಟಿಯಾಗಿತ್ತು. ಎಲ್ಲರೂ ಬಂದು ಅದನ್ನೇ ಒಡೆದುಕೊಂಡು ಹೋದರು. ತಣ್ಣಗಿನ ಲವಣವನ್ನು ಬೀಟಾ ನ್ಯಾಫ್ಥಾಲಿಗೆ ಸುರಿದೆ. ಅಬ್ಬಾ, ಎಂಥ ಕಿತ್ತಳೆಗೆಂಪು! ಖುಷಿಯಲ್ಲಿ ಬೀಕರನ್ನು ಎತ್ತಿ ತೋರಿಸಲು ಹೋಗಿ ಕಂಬಳಿಯ ಬಿಳಿ ಅಂಚಿಗೂ ಒಂದಿಷ್ಟು ಚೆಲ್ಲಿದೆ.

ಪರೀಕ್ಷಕರು ಮೂಗು ಮುಚ್ಚಿಕೊಂಡು ಕೇಳಿದರು: "ಯಾರದಮ್ಮಾ ಈ ಕಂಬಳಿ?"

ಗೆಳತಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. "ಬರ್ಫ ಮಾರೋವಂದ್ರೀ ಸರ್" ಎಂದೆ.

ಕಿಟಕಿಯಾಚೆ ಬೇವಿನ ನೆರಳಲ್ಲಿ ಅಪ್ಪ ನಿಂತಿದ್ದ. ಅವನಿಗೆ ಕೇಳಿಸಿತು.

ಪಾಸಾದೆನೆನ್ನಿ. ಅವತ್ತು ಔರಾದ ಬಸ್ಸಿನಲ್ಲಿ ಅಪ್ಪ ಬೈಯಲಿಲ್ಲ. ಕಂಡಕ್ಟರನಿಗೆ, "ಎರಡು ಟಿಕೆಟ್ ಕೊಡ್ರಿ. ಒಂದು ಬರ್ಫ ಮಾರೋನಿಗಿ, ಒಂದು ಅವ್ನ ಗಿರಾಕಿಗಿ" ಎಂದ. ಕಂಡಕ್ಟರ್ ನಕ್ಕ. ನನಗೆ ಅಳು ಬಂತು. ಇಂದಿಗೂ ಫೋನಿನಲ್ಲಿ "ಬರ್ಫ ಮಾರೋಂವ ಮಾತಾಡ್ಲಕತ್ತೀನಿ" ಎಂದೇ ಶುರು ಮಾಡುತ್ತಾನೆ. ನಗಿಸಿ ನಗಿಸಿ, ನನಗೆ ತಪ್ಪಾಯಿತು ಎನ್ನಲು ಅವಕಾಶವನ್ನೇ ಕೊಟ್ಟಿಲ್ಲ ಆಸಾಮಿ.

ಆ ಕಂಬಳಿ ಈಗ ನನ್ನ ಬಳಿ ಇದೆ, ಕಿತ್ತಳೆ ಕಲೆಯ ಸಮೇತ. ಇವತ್ತೂ ಮಕ್ಕಳ ಪ್ರಯೋಗಕ್ಕೆ ಮಂಜುಗಡ್ಡೆಯನ್ನು ಅದರಲ್ಲೇ ಸುತ್ತಿ ತಂದಿದ್ದೆ. ಒಬ್ಬ ಹುಡುಗಿ ಮೂಗು ಮುರಿದಳು: "ಯಾರದ್ರಿ ಮೇಡಂ ಇದು? ಕುರಿ ವಾಸ್ನಿ ಹೊಡಿತದ."

ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವನು ತನ್ನ ವರಸೆ ಶುರು ಮಾಡುವ ಮೊದಲೇ ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದೆ: "ಈ ಕಂಬಳಿ ನಮ್ಮಪ್ಪಂದು. ನಮ್ಮಪ್ಪ ಕುರಿ ಸಾಕ್ತಾನ."

ಆ ಕಡೆ ಕುರಿಗಳು ಕೂಗುತ್ತಿದ್ದವು. ಅವುಗಳನ್ನು ಗದರಿಸಿ ಅಪ್ಪ ಕೇಳಿದ:

"ಬರ್ಫ ಅದನೋ, ಕರಗ್ತೋ?"

"ಅದ ಅಪ್ಪಾ. ಹಾಂಗೇ ಅದ."