ಮಿಕ್ಸಿ ಶ್ರುತಿಯ ಹಾಲಸ್ವಾಮಿ

ಗಟ್ಟಿಮೇಳಕ್ಕೆ ಒಂದು ಸನ್ನೆ ಇದೆ. ತಾಳಿ ಕಟ್ಟುವ ಗಳಿಗೆ ಬಂದಾಗ ಶಾಸ್ತ್ರಿಗಳು ತೋರುಬೆರಳೆತ್ತಿ ಗಾಳಿಯಲ್ಲಿ ಎರಡು ಸಲ ಅಲ್ಲಾಡಿಸುತ್ತಾರೆ. ವಾಲಗದವರು ಅದುವರೆಗೆ ನುಡಿಸುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಒಮ್ಮೆಲೇ ಜೋರಾಗಿ ಊದಿ ಬಾರಿಸುತ್ತಾರೆ. ಛತ್ರದಲ್ಲಿದ್ದವರೆಲ್ಲ ಅಕ್ಷತೆ ಎಸೆಯುತ್ತಾರೆ. ಈ ಏರ್ಪಾಡಿನಲ್ಲಿರುವ ಒಂದೇ ಒಂದು ದೋಷವೆಂದರೆ, ಬೆರಳು ಶಾಸ್ತ್ರಿಗಳಿಗೆ ಮಾತ್ರವಲ್ಲದೆ ಉಳಿದವರಿಗೂ ಇರುವುದು.

೧೯೯೪ರ ಮೇ ತಿಂಗಳು, ಶಿವಮೊಗ್ಗದ ಒಂದು ಛತ್ರ. ಮದುವೆ ಹುಡುಗಿಯ ದೊಡ್ಡಪ್ಪ ಈಶ್ವರಪ್ಪನವರು ಮಂಟಪದ ಪಕ್ಕದಲ್ಲಿ ನಿಂತು ಅಡುಗೆಯವನ ಕಡೆಗೆ ಒಂದು ಬೆರಳೆತ್ತಿ ಅಲ್ಲಾಡಿಸಿದರು. ಎತ್ತಿದ್ದಕ್ಕೆ ಅರ್ಥ ಒಂದು ಕಾಫಿ. ಅಲ್ಲಾಡಿಸಿದ್ದಕ್ಕೆ ಅರ್ಥ ಸಕ್ಕರೆ ಬೇಡ. ಕಣ್ಣು ಮುಚ್ಚಿ ಕಲ್ಯಾಣಿಯಲ್ಲಿ ಮುಳುಗಿದ್ದ ಕ್ಲಾರಿಯೋನೆಟ್ ಹಾಲಸ್ವಾಮಿಯವರು ಸರಿಯಾಗಿ ಅದೇ ಹೊತ್ತಿಗೆ ಅರ್ಧ ಕಣ್ಣು ತೆರೆದರು. ಬೆರಳು ಕಂಡಿತು. ಪಕ್ಕದಲ್ಲಿದ್ದ ಡೋಲಿನ ಕರಿಯಪ್ಪನ ತೊಡೆಗೆ ಗುದ್ದಿದರು. ಗಟ್ಟಿಮೇಳ ಮೊಳಗಿತು.

ಗಟ್ಟಿಮೇಳ ಕೇಳಿದ ಮೇಲೆ ತಲೆಯೆತ್ತಿ ನೋಡಿ ಅಕ್ಷತೆ ಎಸೆಯುವವರು ಯಾರಿದ್ದಾರೆ? ಮುನ್ನೂರು ಜನ ಮಾತು ನಿಲ್ಲಿಸದೆ ಎಸೆದರು. ಮದುಮಕ್ಕಳು ಇನ್ನೂ ಸೀರೆ ಪಂಚೆಗಳ ಜೊತೆ ಒಳಕೋಣೆಯಲ್ಲಿ ಗುದ್ದಾಡುತ್ತಿದ್ದರು. ಮಂಟಪದಲ್ಲಿದ್ದವರು ಇಬ್ಬರೇ: ಲೈಟು ಸರಿಮಾಡುತ್ತಿದ್ದ ಫೋಟೋಗ್ರಾಫರ್ ಜ್ಞಾನೇಶ್ ಮತ್ತು ಫೋಕಸ್ ನೋಡುವುದಕ್ಕೆಂದು ಅವನು ಹೆಣ್ಣಿನ ಮಣೆಯ ಮೇಲೆ ಕೂರಿಸಿದ್ದ ಅಮೂಲ್ಯ. ಅಮೂಲ್ಯ ಮದುವೆ ಹುಡುಗಿಯ ಚಿಕ್ಕಪ್ಪನ ಮಗಳು. ಇಬ್ಬರ ತಲೆಯೂ ಹಳದಿಯಾಯಿತು. ತಾಳ ತಪ್ಪಿದ ಸಂಗೀತಗಾರರನ್ನು ನಾವೆಲ್ಲ ಕಂಡಿದ್ದೇವೆ. ತಾಳಿಯನ್ನೇ ತಪ್ಪಿಸಿದವರು ನನಗೆ ತಿಳಿದಂತೆ ಹಾಲಸ್ವಾಮಿ ಒಬ್ಬರೇ.

ಅಮೂಲ್ಯಳ ಅಪ್ಪ ವೀರೇಂದ್ರ ದಾಪುಗಾಲು ಹಾಕುತ್ತಾ ಬಂದರು. ಗಾಂಧಿ ಬಜಾರಿನಲ್ಲಿ ಅವರದು ದೊಡ್ಡ ಸೀರೆ ಅಂಗಡಿ.

"ಏನ್ರೀ, ಕಣ್ಣಿದ್ಯೋ ಇಲ್ವೋ ನಿಮಗೆ?"

"ಇದೆ ಸ್ವಾಮಿ," ಎಂದರು ಹಾಲಸ್ವಾಮಿ. "ಅದ್ರಿಂದಾನೇ ತೊಂದ್ರೆ ಆಗಿದ್ದು."

ಇದು ಉಡಾಫೆಯ ಮಾತಾಗಿರಲಿಲ್ಲ. ಅಂದೇ ಅವರು ಒಂದು ತೀರ್ಮಾನ ಮಾಡಿದರು: ಕಣ್ಣು ನಂಬುವಂಥದ್ದಲ್ಲ. ಮುಂದೆ ಯಾವ ಮದುವೆಯಲ್ಲೂ ನುಡಿಸುವಾಗ ಕಣ್ಣು ತೆರೆಯಲಿಲ್ಲ. ಸನ್ನೆ ನೋಡುವ ಕೆಲಸ ಕರಿಯಪ್ಪನಿಗೆ ಬಂತು. ಶಾಸ್ತ್ರಿಗಳ ಬೆರಳು ಮೇಲೆದ್ದರೆ ಅವನು ಡೋಲಿನ ಕೋಲಿನಿಂದ ಹಾಲಸ್ವಾಮಿಯವರ ಮಂಡಿಗೆ ಒಂದು ಪೆಟ್ಟು ಕೊಡಬೇಕು. ಮಂಡಿಗೆ ಪೆಟ್ಟು ಬಿತ್ತೆಂದರೆ ಗಟ್ಟಿಮೇಳ. ಲೆಕ್ಕ ಸರಳ.

ಹಾಲಸ್ವಾಮಿ ಮೂಲತಃ ವಾಲಗದ ಮನೆಯವರಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಅಪ್ಪನದು ದಿನಸಿ ಅಂಗಡಿ. ಅಂಗಡಿಗೆ ಬೆಲ್ಲ ಒಯ್ಯಲು ಬರುತ್ತಿದ್ದ, ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿದ್ದ ಭೈರಪ್ಪನವರ ಕೈಲಿ ಕರಿಯ ಕೊಳವೆಯೊಂದನ್ನು ಕಂಡು ಹುಡುಗನ ತಲೆ ಕೆಟ್ಟಿತು. "ನಮ್ಮ ಮನೆತನದಲ್ಲಿ ಊದಿದೋರು ಯಾರೂ ಇಲ್ಲ ಕಣೋ," ಎಂದು ಅಣ್ಣ ಗದರಿದರೆ, "ಅಜ್ಜಿ ದಿನಾ ಒಲೆ ಊದ್ತಾಳಲ್ಲ" ಎಂದನಂತೆ. ಮುಂದೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಕಾಗದನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ಜಗದಾಂಬಾ ಎಂಬ ಹೆಂಡತಿಯೂ ಸಿಕ್ಕಿದರು. ಕ್ಲಾರಿಯೋನೆಟ್ಟಿಗೂ ಮನೆ ಸಿಕ್ಕಿತು: ಕಾಗದದ ಉರುಳೆಯ ನಡುವೆ ಇರುತ್ತದಲ್ಲ, ದಪ್ಪ ರಟ್ಟಿನ ಕೊಳವೆ, ಅದರೊಳಗೆ ಸೇರಿಸಿ ಸೈಕಲ್ಲಿನ ಅಡ್ಡಕಂಬಿಗೆ ಕಟ್ಟಿಕೊಂಡು ಮದುವೆಗಳಿಗೆ ಹೊರಡುತ್ತಿದ್ದರು.

ಅವರ ವಿಚಿತ್ರ ಅಂದರೆ ಇಷ್ಟೇ: ಸದ್ದಿಲ್ಲದ ಕಡೆ ಅವರಿಗೆ ನುಡಿಸಲು ಬರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ಎಂಟು ಗಂಟೆ ನಿಲ್ಲುವ ಕೆಲಸ. ಅಲ್ಲಿ ಕಿವಿಯ ಹತ್ತಿರ ಬಂದು ಕೂಗಿದರೂ ಪಕ್ಕದವನಿಗೆ ಅರ್ಧ ಕೇಳುತ್ತಿತ್ತು. ಆ ಅಬ್ಬರದೊಳಗೆ ನಿಂತು ಹಾಲಸ್ವಾಮಿ ಗಂಟಲು ಬಿಟ್ಟು ರಾಗ ಹಾಡಿ ಹಾಡಿ ಕಲಿತರು. ಕೇಳಿಸಿಕೊಂಡವರಿಲ್ಲ, ಬೈದವರೂ ಇಲ್ಲ. ಉಳಿದ ಸಾಧನೆ ಛತ್ರಗಳಲ್ಲಿ ನಡೆಯಿತು. ಅಲ್ಲಿ ಮಕ್ಕಳ ಅಳು, ಬೀಗರ ಜಗಳ, ತಪ್ಪಲೆಗಳ ಸದ್ದು. "ಈ ಛತ್ರದಲ್ಲಿ ಅಡುಗೆಮನೆ ಹತ್ರ ಇದೆ ಮಾರಾಯ, ಭೈರವಿ ಚೆನ್ನಾಗ್ ಬರುತ್ತೆ," ಎಂದು ಕರಿಯಪ್ಪನಿಗೆ ಹೇಳುತ್ತಿದ್ದರು.

ಕಷ್ಟವಾಗುತ್ತಿದ್ದುದು ಮನೆಯಲ್ಲಿ. ಕ್ವಾರ್ಟರ್ಸಿನ ಮಧ್ಯಾಹ್ನದ ನಿಶ್ಶಬ್ದದಲ್ಲಿ ಕ್ಲಾರಿಯೋನೆಟ್ ಬಾಯಿಗಿಟ್ಟರೆ ಬಾತುಕೋಳಿ ಹೊರಡುತ್ತಿತ್ತು. ಒಂದು ದಿನ ಜಗದಾಂಬಾ ಚಟ್ನಿಗೆ ಮಿಕ್ಸಿ ಹಾಕಿದ್ದೇ ತಡ, ಬಾತುಕೋಳಿ ಹೋಗಿ ಕೋಗಿಲೆ ಬಂತು. ಅಂದಿನಿಂದ ಅಭ್ಯಾಸದ ಹೊತ್ತಿಗೆ ಖಾಲಿ ಮಿಕ್ಸಿ ತಿರುಗತೊಡಗಿತು. ತಂಬೂರಿಯ ಬದಲು ಮಿಕ್ಸಿ. ಕರೆಂಟು ಹೋದರೆ ಸಂಗೀತಕ್ಕೂ ಲೋಡ್ ಶೆಡ್ಡಿಂಗ್. ಪಕ್ಕದ ಮನೆಯ ತಮಿಳರ ಹೆಂಗಸು ಒಂದು ತಿಂಗಳು ತಡೆದುಕೊಂಡು ಕೊನೆಗೆ ಬೇಲಿಯ ಹತ್ತಿರ ಬಂದು ಕೇಳಿದರು:

"ಏನಕ್ಕಾ, ದಿನಾ ಚಟ್ನೀನಾ?"

"ಚಟ್ನಿ ನಿನ್ನೆಗೇ ಮುಗೀತು ಕಣ್ರೀ," ಎಂದರು ಜಗದಾಂಬಾ. "ಇವತ್ತು ತೋಡಿ."

ಕಣ್ಣು ಮುಚ್ಚಿದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಛತ್ರದ ಜನವೆಲ್ಲ ಊಟದ ಹಾಲಿಗೆ ಎದ್ದು ಹೋದರೂ ಹಾಲಸ್ವಾಮಿಯವರಿಗೆ ತಿಳಿಯುತ್ತಿರಲಿಲ್ಲ. ಇವರ ಪಲ್ಲವಿ ಮುಗಿಯುವುದರೊಳಗೆ ಅಲ್ಲಿ ಪಲ್ಯ ಮುಗಿದಿರುತ್ತಿತ್ತು. ಎರಡು ಮದುವೆಗಳಲ್ಲಿ ಬರೀ ಅನ್ನ ಮಜ್ಜಿಗೆ ಉಂಡು ಬಂದ ಮೇಲೆ ಜಗದಾಂಬಾ ಖಂಡಿತವಾಗಿ ಹೇಳಿದರು: "ಕಣ್ಣು ಬೇಡ ಅಂದ್ರೆ ಬೇಡ. ಕಿವಿ ಇದ್ಯಲ್ಲ? ಸದ್ದು ನಿಂತ್ರೆ ನೀವೂ ನಿಲ್ಸಿ ಏಳಿ. ನಿಮ್ಗೂ ಹೊಟ್ಟೆ ಇದೆ ಅಂತ ಆ ಕೊಳವೆಗೂ ಗೊತ್ತಾಗ್ಲಿ."

ಮದುವೆಗಳಲ್ಲಿ ಊದತೊಡಗಿ ಹೀಗೆ ಒಟ್ಟು ಇಪ್ಪತ್ತೆರಡು ವರ್ಷ ಕಳೆದಿತ್ತು. ಹಾಲಸ್ವಾಮಿಯವರಿಗೆ ಬದುಕಿನ ಮೇಲೆ ದೂರೇನೂ ಇರಲಿಲ್ಲ. ಆಸೆ ಮಾತ್ರ ಒಂದಿತ್ತು. "ಮದುವೆಗೆ ಬಂದೋರು ಮದುವೆಗೆ ಬಂದಿರ್ತಾರೆ ಕಣೆ," ಎಂದು ಹೆಂಡತಿಯ ಬಳಿ ಹೇಳಿಕೊಳ್ಳುತ್ತಿದ್ದರು. "ನಾನು ಊದ್ತೀನಿ ಅಂತಾನೇ ಬಂದು ಜನ ಕೂರ್ಬೇಕು. ಒಂದ್ಸಲ. ಒಂದೇ ಒಂದ್ಸಲ ಸಾಕು."

ಅಂಥ ಕಛೇರಿ ನಡೆಸುವ ಸಂಗೀತ ಸಭೆಯೊಂದು ಶಿವಮೊಗ್ಗದಲ್ಲಿತ್ತು. ಅದರ ಕಾರ್ಯದರ್ಶಿ, ದುರದೃಷ್ಟಕ್ಕೆ, ಸೀರೆ ಅಂಗಡಿಯ ವೀರೇಂದ್ರ. ಅದೃಷ್ಟಕ್ಕೆ, ಈ ವೇಳೆಗೆ ಅವರ ಮನೆಗೆ ಅಳಿಯನೊಬ್ಬ ಬಂದಿದ್ದ. ಅವನೇ ಜ್ಞಾನೇಶ್. ಅಕ್ಷತೆ ಬಿದ್ದ ಜೋಡಿಯನ್ನು ಊರಿಡೀ ಒಂದೂವರೆ ವರ್ಷ ಆಡಿಕೊಂಡ ಮೇಲೆ ವೀರೇಂದ್ರರ ಹೆಂಡತಿ ಬಸವರಾಜೇಶ್ವರಿ, "ಮುನ್ನೂರು ಜನ ಹಾಕಿದ ಅಕ್ಷತೆನ ಆಯ್ದು ವಾಪಸ್ ಕೊಡೋಕಾಗುತ್ತೇನ್ರೀ?" ಎಂದು ಕೇಳಿ ಮದುವೆ ಮುಗಿಸಿಬಿಟ್ಟಿದ್ದರು. ತನಗೆ ಮೊದಲ ಸಲ ಮದುವೆ ಮಾಡಿಸಿದವರು ಹಾಲಸ್ವಾಮಿ ಎಂದೇ ಜ್ಞಾನೇಶನ ನಂಬಿಕೆ. ಅವನೂ ಅಮೂಲ್ಯಳೂ ಸೇರಿ ವೀರೇಂದ್ರರನ್ನು ಎರಡು ಗಣೇಶನ ಹಬ್ಬಗಳ ಕಾಲ ಪೀಡಿಸಿದರು.

೧೯೯೭ರ ಹಬ್ಬಕ್ಕೆ ಕೊನೆಗೂ ಕರೆ ಬಂತು. ಹಾಲಸ್ವಾಮಿ ಅಂಗಡಿಗೆ ಹೋಗಿ ಕೈಮುಗಿದು ನಿಂತರು.

"ಒಂದೂವರೆ ಗಂಟೆ," ಎಂದರು ವೀರೇಂದ್ರ. "ನಮ್ಮದು ಛತ್ರ ಅಲ್ಲ ನೋಡಿ. ಮಧ್ಯ ನಿಲ್ಲಿಸೋದು, ಎದ್ದು ಹೋಗೋದು, ನಿಮ್ಮ ಇನ್ನೊಂದು ಮತ್ತೊಂದು ಏನಾದ್ರೂ ಮಾಡಿದ್ರೋ, ನಾನೇ ಪರದೆ ಎಳೀತೀನಿ. ಆಮೇಲೆ ಈ ಜನ್ಮದಲ್ಲಿ ಕರೆಯಲ್ಲ."

"ಆಗ್ಲಿ ಸ್ವಾಮಿ. ಒಂದು ಮಾತು. ಮಿಕ್ಸಿ ತರ್ಬಹುದಾ?"

ವೀರೇಂದ್ರ ಅಳಿಯನ ಮುಖ ನೋಡಿದರು. ಅಳಿಯ ಸೀರೆ ಮಡಿಚತೊಡಗಿದ.

ಮಿಕ್ಸಿಗೆ ಅಪ್ಪಣೆ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಆ ಸಭೆಯ ಹೆಮ್ಮೆಯೇ ಅದರ ಮೌನ. ಬಾಗಿಲಲ್ಲಿ 'ಮಾತನಾಡಬಾರದು' ಎಂಬ ಬೋರ್ಡು. ಕಡಲೆಕಾಯಿ ಪೊಟ್ಟಣ ತಂದವರು ಅಲ್ಲೇ ಒಪ್ಪಿಸಿ ಒಳಗೆ ಬರಬೇಕು. ಸೂಜಿ ಬಿದ್ದರೆ ಕೇಳಬೇಕೆಂದು ನನ್ನ ಕಾನ್ವೆಂಟಿನ ಸಿಸ್ಟರುಗಳು ಹನ್ನೆರಡು ವರ್ಷ ಬೆತ್ತ ಬೀಸಿಯೂ ಸಾಧಿಸಲಾಗದ್ದನ್ನು ವೀರೇಂದ್ರ ಒಂದು ಬೋರ್ಡಿನಲ್ಲಿ ಸಾಧಿಸಿದ್ದರು.

ಶನಿವಾರ ಸಂಜೆ ಆರಕ್ಕೆ ಪರದೆ ತೆರೆಯಿತು. ಇನ್ನೂರು ಜನ. ಎಲ್ಲರೂ ಇವರನ್ನೇ ಕೇಳಲು ಬಂದವರು. ಜರಿ ಶಲ್ಯ ಹೊದ್ದ ಹಾಲಸ್ವಾಮಿ, ಪಕ್ಕದಲ್ಲಿ ಕರಿಯಪ್ಪ. ಬೇರೆ ಪಕ್ಕವಾದ್ಯ ಕೊಡುತ್ತೇವೆ ಎಂದರೂ ಅವನೇ ಬೇಕೆಂದು ಹಠ ಹಿಡಿದು ಕರೆತಂದಿದ್ದರು. ಕ್ಲಾರಿಯೋನೆಟ್ ಬಾಯಿಗೆ ಹೋಯಿತು. ಸಭೆಯಲ್ಲಿ ಉಸಿರಿನ ಸದ್ದೂ ಇಲ್ಲ.

ಬಾತುಕೋಳಿ ಹೊರಟಿತು.

ಹಾಲಸ್ವಾಮಿ ನೀರು ಕುಡಿದರು, ರೀಡು ಒರೆಸಿದರು, ಮತ್ತೆ ಊದಿದರು. ಮತ್ತೆ ಅದೇ ಪಕ್ಷಿ, ಈ ಸಲ ಮರಿಗಳೊಂದಿಗೆ. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ವೀರೇಂದ್ರ ಪರದೆಯ ಹಗ್ಗದ ಕಡೆಗೆ ನಡೆದರು. ಹಾಲಸ್ವಾಮಿಯವರ ಹಣೆಯಲ್ಲಿ ಬೆವರು ಒಡೆದದ್ದು ಮೂರನೆಯ ಸಾಲಿನಲ್ಲಿದ್ದ ಜಗದಾಂಬಾಗೆ ಕಂಡಿತು. ಇಪ್ಪತ್ತೆರಡು ವರ್ಷದ ಆಸೆ ಇನ್ನು ಎರಡು ನಿಮಿಷಕ್ಕೆ ಮುಗಿಯುತ್ತದೆ ಎಂಬುದೂ ಕಂಡಿತು. ಮಿಕ್ಸಿ ಇಲ್ಲ. ಆಕೆ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಡೆ ತಿರುಗಿ, ಸಭೆಗೆಲ್ಲ ಕೇಳುವಂತೆ ಕೇಳಿದರು:

"ಸೀರೆ ಭಾಳ ಚೆನ್ನಾಗಿದೆ ಕಣ್ರೀ, ಎಲ್ಲಿ ತಗೊಂಡ್ರಿ?"

ಪಕ್ಕದಲ್ಲಿದ್ದವರು ಬಸವರಾಜೇಶ್ವರಿ. ಸೀರೆ ಅಂಗಡಿಯವರ ಹೆಂಡತಿಗೆ ಈ ಪ್ರಶ್ನೆ ಹಾಕಿದ ಮೇಲೆ ಬೋರ್ಡು ಗೀರ್ಡು ಏನು ಮಾಡೀತು? "ನಮ್ಮಂಗಡೀದೇರೀ! ಮೊನ್ನೆ ಬಂದಿರೋ ಹೊಸ ಸ್ಟಾಕು. ಇದ್ರಲ್ಲೇ ನವಿಲು ಬಣ್ಣನೂ ಇದೆ."

ಮುಂದಿನ ಸಾಲಿನ ಹೆಂಗಸು ತಿರುಗಿದಳು. "ನವಿಲು ಬಣ್ಣನಾ? ಅಂಚು ಎಷ್ಟಗಲ?" ಆಚೆ ಸಾಲಿನವಳು, "ಕಳೆದ ಸಲ ತಗೊಂಡಿದ್ದು ಬಣ್ಣ ಬಿಡ್ತು" ಎಂದಳು. ಬಿಡುವುದೇ ಇಲ್ಲ ಎಂದು ಬಸವರಾಜೇಶ್ವರಿ, ಬಿಟ್ಟಿತು ಎಂದು ಆಕೆ. ಗಂಡಸರು "ಶ್, ಶ್" ಎಂದು ತಮ್ಮ ಪಾಲಿನ ಗದ್ದಲವನ್ನೂ ಸೇರಿಸಿದರು. ವೀರೇಂದ್ರ ಹಗ್ಗ ಹಿಡಿದು ನಿಂತೇ ಇದ್ದರು. ಸುಮ್ಮನಿರಿ ಎನ್ನಲು ಕಾರ್ಯದರ್ಶಿ ಬಾಯಿ ತೆರೆದರೆ, ಒಳಗಿನ ವ್ಯಾಪಾರಿ ಮುಚ್ಚುತ್ತಿದ್ದ.

ಸಭೆ ಛತ್ರವಾಯಿತು. ಹಾಲಸ್ವಾಮಿ ಕಣ್ಣು ಮುಚ್ಚಿದರು. ಶಂಕರಾಭರಣ ಎದ್ದಿತು.

ಹೇಗೆ ನುಡಿಸಿದರೆಂದು ಬರೆದು ತಿಳಿಸುವಷ್ಟು ಸಂಗೀತ ನನಗೆ ಬರುವುದಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾ ಹಾಕುತ್ತಾ ನನ್ನ ತೊಡೆಗೆ ಬಂದರು. ಬೇಡ ಎನ್ನಲು ನನಗೂ ಮನಸ್ಸಾಗಲಿಲ್ಲ ಎಂದರೆ ಸಾಕು. ಬಣ್ಣ ಬಿಟ್ಟಿತು ಎಂದ ಹೆಂಗಸು ಮೊದಲು ಸುಮ್ಮನಾದಳು. ಆಮೇಲೆ ಬಸವರಾಜೇಶ್ವರಿ. ಒಂದೊಂದೇ ಸಾಲು ಮಾತು ಮರೆಯಿತು. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಇನ್ನೂರು ಜನರೂ, ಬೋರ್ಡಿನ ಹಂಗಿಲ್ಲದೆ, ತಾವಾಗಿಯೇ ಮೌನವಾಗಿದ್ದರು.

ಆಗ ಹಾಲಸ್ವಾಮಿ ನಿಲ್ಲಿಸಿದರು.

ಮೇಲಿನ ಷಡ್ಜಕ್ಕೆ ಏರುವ ಮೆಟ್ಟಿಲಿನಲ್ಲಿ, ಇನ್ನೇನು ಮುಟ್ಟಬೇಕು ಎನ್ನುವಲ್ಲಿ, ಕ್ಲಾರಿಯೋನೆಟ್ ಬಾಯಿಂದ ಇಳಿಯಿತು. ಕಣ್ಣು ಮುಚ್ಚಿಯೇ ಇತ್ತು. ಕತ್ತು ಸ್ವಲ್ಪ ವಾಲಿತ್ತು, ಮುಖ ತುಸು ಮೇಲೆತ್ತಿತ್ತು, ಮೂಗಿನ ಹೊಳ್ಳೆಗಳು ಮೆಲ್ಲಗೆ ಅರಳಿದ್ದವು. ಐದು ಸೆಕೆಂಡು. ಹತ್ತು ಸೆಕೆಂಡು. ಒಬ್ಬರೂ ಅಲುಗಲಿಲ್ಲ. ವೀರೇಂದ್ರರ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಅದನ್ನು ಕಂಡ ಕರಿಯಪ್ಪ ಬೇರೇನೂ ತೋಚದೆ ಕೋಲಿನಿಂದ ಮಂಡಿಗೆ ಒಂದು ಪೆಟ್ಟು ಕೊಟ್ಟ.

ಷಡ್ಜ ಸಿಡಿಯಿತು. ಅದರ ಹಿಂದೆ ಡೋಲು. ಮಳೆ ಬಿದ್ದಂತೆ ಬಿದ್ದ ಆ ಸ್ವರಗಳಿಗೆ ಜನ ಎದ್ದು ನಿಂತರು. ಮುದುಕರು ಕಣ್ಣೊರೆಸಿಕೊಂಡರು. ಯಾರೋ ಅಭ್ಯಾಸಬಲದಿಂದ ಅಕ್ಷತೆಗೆಂದು ಸುತ್ತಲೂ ತಡಕಾಡಿದರು ಎಂದು ಜ್ಞಾನೇಶ್ ಈಗಲೂ ಪ್ರಮಾಣ ಮಾಡುತ್ತಾನೆ. ವೀರೇಂದ್ರ ಹಗ್ಗ ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದರು. ಉಳಿದ ಹೊತ್ತು ಹಾಲಸ್ವಾಮಿ ಇಳಿಯಲೇ ಇಲ್ಲ, ಒಂದೂವರೆ ಗಂಟೆಯ ಕಛೇರಿ ಎರಡಾಯಿತು. ಮುಗಿದ ಮೇಲೆ ಅದೇ ವೀರೇಂದ್ರ ಶಾಲು ಹೊದಿಸಿ, "ಬರೋ ವರ್ಷಾನೂ ನೀವೇ" ಎಂದು ಮೈಕಿನಲ್ಲಿ ಹೇಳಿದರು. ಜಗದಾಂಬಾ ಅಷ್ಟರಲ್ಲಿ ನವಿಲು ಬಣ್ಣದ ಸೀರೆಯೊಂದನ್ನು ತೆಗೆದಿಡಲು ಹೇಳಿ ಆಗಿತ್ತು.

ಶಲ್ಯದ ಮೇಲೆ ಶಾಲು, ಶಾಲಿನ ಮೇಲೆ ಹಾರ ಹಾಕಿಕೊಂಡು ಹಾಲಸ್ವಾಮಿ ಕ್ಲಾರಿಯೋನೆಟ್ಟನ್ನು ರಟ್ಟಿನ ಕೊಳವೆಗೆ ಸೇರಿಸುತ್ತಿದ್ದಾಗ ಸ್ಥಳೀಯ ಪತ್ರಿಕೆಯ ತನುಜಾ ನೋಟ್ ಬುಕ್ ಹಿಡಿದು ಬಂದರು. ಹುಡುಗಿಯ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಸರ್, ಆ ಷಡ್ಜಕ್ಕೆ ಮುಂಚೆ ಒಂದು ಮೌನ ಕೊಟ್ರಲ್ಲ. ನಾನು ಜೀವಮಾನದಲ್ಲಿ ಅಂಥದ್ದು ಕೇಳಿಲ್ಲ. ಆ ಹನ್ನೆರಡು ಸೆಕೆಂಡು ನೀವು ಎಲ್ಲಿದ್ರಿ ಸರ್? ನಿಮ್ಮೊಳಗೆ ಏನು ನಡೀತಿತ್ತು?"

ಸುತ್ತ ನಿಂತವರೆಲ್ಲ ಹತ್ತಿರ ಸರಿದರು. ಹಾಲಸ್ವಾಮಿ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಸಂಕೋಚದಿಂದ ಒಮ್ಮೆ ಹೆಂಡತಿಯ ಕಡೆ ನೋಡಿದರು.

"ಏನಿಲ್ಲ ಕಣಮ್ಮ. ಇದ್ದಕ್ಕಿದ್ದಂಗೆ ಸದ್ದೆಲ್ಲ ನಿಂತೋಯ್ತಲ್ಲ, ಎಲ್ಲಾ ಊಟಕ್ಕೆ ಎದ್ದೋದ್ರು ಅಂದ್ಕೊಂಡೆ. ಸಾರಿನ ವಾಸನೆ ಯಾವ ಕಡೆಯಿಂದ ಬರ್ತಿದೆ ಅಂತ ನೋಡ್ತಿದ್ದೆ."