ಮುತ್ತುರಾಜ್ ನಿಲ್ಲಿಸಿದ ಕಾರ್ಟೂನ್ ಚಾನೆಲ್

ಹಲಸೂರಿನ ಮಾರ್ಕೆಟ್ ಹಿಂದಿನ ನಮ್ಮ ಹಳೆಯ ಗಲ್ಲಿಗೆ ಹೋದರೆ ಕೇಬಲ್ ಮುತ್ತುರಾಜ್ ಈಗಲೂ ಸಿಗುತ್ತಾರೆ. ಕೇಬಲ್ ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಹೆಸರಿಗೆ ಅಂಟಿದ ಕೇಬಲ್ ಬಿಟ್ಟಿಲ್ಲ. ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡು, ತಮ್ಮ ಮೊಣಕಾಲನ್ನು ತಾವೇ ಬೈದುಕೊಂಡು ಅಂಗಡಿಯಲ್ಲಿ ಕೂತಿರುತ್ತಾರೆ. ಹೋದ ತಿಂಗಳು ನಾನು ಹೋದಾಗ ಎದುರು ಮನೆಯ ತಾಯಿಯೊಬ್ಬಳು ಮಗುವಿಗೆ ಮೊಬೈಲಿನಲ್ಲಿ ಹೊಡೆದಾಟದ ಕಾರ್ಟೂನ್ ತೋರಿಸುತ್ತಾ ಇಡ್ಲಿ ತಿನ್ನಿಸುತ್ತಿದ್ದಳು. ಮುತ್ತುರಾಜಣ್ಣ ನನ್ನ ಕಡೆ ನೋಡಿ ನಕ್ಕರು. "ಇದಕ್ಕೆ ಯಾವ ವೈರ್ ಕಟ್ ಮಾಡೋದು, ನೀನೇ ಹೇಳು ರಾಜೇಶ್ವರಿ" ಅಂದರು.

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ ನಡೆಯುತ್ತಿರುತ್ತದೆ. ಕಾರ್ಟೂನ್ ನೋಡಿ ಮಕ್ಕಳು ಹೊಡೆಯುವುದು ಕಲಿಯುತ್ತಾರೆ ಎಂದು ಒಬ್ಬರು. ನಾವೂ ನೋಡಿ ಬೆಳೆದವರೇ, ನಮಗೇನಾಯಿತು ಎಂದು ಇನ್ನೊಬ್ಬರು. ಇಬ್ಬರೂ ಎಲ್ಲೋ ಓದಿದ್ದನ್ನು ಎದುರಿಗಿಟ್ಟು ಜಗಳವಾಡುತ್ತಾರೆ, ಅನ್ನ ಆರಿಹೋಗುತ್ತದೆ. ನಾನು ಬಾಯಿ ಬಿಡುವುದಿಲ್ಲ. ನನಗೆ ಗೊತ್ತಿರುವುದು ನನ್ನ ತಮ್ಮ ಬಸುವಿನ ಕಥೆಯೊಂದೇ. ಮುತ್ತುರಾಜಣ್ಣ ಇಲ್ಲದೆ ಆ ಕಥೆಯಿಲ್ಲ.

ನಾವು ಸುರಪುರದ ಕಡೆಯವರು. ಅಪ್ಪನಿಗೆ ಇಲ್ಲಿ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತೆಂದು ಬಂದು ಆರು ಮನೆಗಳ ವಠಾರದಲ್ಲಿ ಒಂದು ರೂಮು ಹಿಡಿದಿದ್ದೆವು. ಒಂದೇ ನಲ್ಲಿ, ಒಂದೇ ತಾರಸಿ. ಆ ತಾರಸಿಯ ಮೇಲಿನ ತಗಡಿನ ಕೋಣೆಯೇ ಮುತ್ತುರಾಜಣ್ಣನ ಕಂಟ್ರೋಲ್ ರೂಮು. ಒಳಗೆ ಬೆಚ್ಚಗಿನ ಡಬ್ಬಗಳು, ಹೊರಗೆ ದೊಡ್ಡ ಡಿಶ್ಶು, ಅಲ್ಲಿಂದ ಗಲ್ಲಿಯ ಎಲ್ಲ ಮನೆಗಳಿಗೂ ಹರಡಿದ ಕರಿ ವೈರುಗಳು. ಕ್ರಿಕೆಟ್ ಮ್ಯಾಚಿನ ದಿನ ಚಿತ್ರ ಅಲುಗಿದರೆ ಅವರು ಡಿಶ್ ತಿರುಗಿಸುತ್ತಾ "ಬಂತಾ?" ಎಂದು ಕೂಗುವರು. ನಾವು ಮಕ್ಕಳು ಮೆಟ್ಟಿಲಿನಿಂದ ಮೆಟ್ಟಿಲಿಗೆ "ಬಂತಾ? ಬಂತಾ?" ಎಂದು ಕೆಳಗಿನ ತನಕ ದಾಟಿಸುವೆವು. ಕೊನೆಯ ಮನೆಯಿಂದ "ಬಂತು!" ಎಂಬ ಉತ್ತರ ಹತ್ತಿಕೊಂಡು ಮೇಲೆ ಬರುವಷ್ಟರಲ್ಲಿ ಒಂದು ವಿಕೆಟ್ ಹೋಗಿರುತ್ತಿತ್ತು. ಅಷ್ಟು ಜನ ಒಟ್ಟಿಗೆ ಗಂಟಲು ಹರಿದುಕೊಂಡಿದ್ದನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಆ ಸದ್ದು ಈಗಲೂ ಬೇಕೆನಿಸುತ್ತದೆ.

ಮುತ್ತುರಾಜಣ್ಣನಿಗೆ ಸ್ವಂತ ಚಾನೆಲ್ಲೂ ಇತ್ತು. ಅದರಲ್ಲಿ ಗಲ್ಲಿಯವರ ಮದುವೆ ಕ್ಯಾಸೆಟ್ಟು, ಹುಟ್ಟುಹಬ್ಬದ ಫೋಟೊ ಬರುತ್ತಿದ್ದವು. ಬಸುವಿಗೆ ಆರು ತುಂಬಿದ ದಿನ ಅವನ ಫೋಟೊ ಇಡೀ ಮಧ್ಯಾಹ್ನ ಓಡಿತು. ಅವ್ವ ಅವತ್ತು ಟಿವಿಗೇ ದೃಷ್ಟಿ ತೆಗೆದಳು.

ಆ ವರ್ಷವೇ ಹೊಸ ಕಾರ್ಟೂನ್ ಚಾನೆಲ್ ಬಂತು. ಸಂಜೆ ನಾಲ್ಕರಿಂದ ಆರರವರೆಗೆ ಒಂದು ನರಿಯ ಆಟ. ನರಿಯ ತಲೆಗೆ ಸುತ್ತಿಗೆ ಬೀಳುತ್ತದೆ, ನರಿ ಹಪ್ಪಳದಂತೆ ಚಪ್ಪಟೆಯಾಗುತ್ತದೆ, ಮೈ ಕೊಡವಿ ಮತ್ತೆ ಏಳುತ್ತದೆ. ಅವ್ವ ಆ ಹೊತ್ತಿಗೆ ಇಂದಿರಾನಗರದ ಎರಡು ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದಳು. ಬಸುವನ್ನು ನೋಡಿಕೊಳ್ಳಬೇಕಾದ ನಾನು ಹತ್ತು ವರ್ಷದವಳು, ನನಗೆ ಕುಂಟೆಬಿಲ್ಲೆಯ ಹುಚ್ಚು. ಅವನನ್ನು ನರಿಯ ಮುಂದೆ ಕೂರಿಸಿ ಆಡಲು ಓಡುತ್ತಿದ್ದೆ. ಇದನ್ನು ಮುಚ್ಚಿಟ್ಟು ಮುತ್ತುರಾಜಣ್ಣನ ಕಥೆ ಹೇಳುವುದು ಸರಿಯಲ್ಲ.

ಬಸು ಮೊದಲು ಸ್ಕೇಲಿನಿಂದ ನನಗೆ ಹೊಡೆದ. ಆಮೇಲೆ ಮೆಟ್ಟಿಲ ಮೇಲೆ ಯಾರನ್ನೋ ತಳ್ಳಿದ. ಪ್ರತಿ ಸಲವೂ ಹೊಡೆದು ಹಿಂದೆ ಸರಿದು ನಿಂತು ನಗುತ್ತಿದ್ದ. ಹುಡುಗ ತುಂಟ ಎಂದು ಎಲ್ಲರೂ ಸುಮ್ಮನಾದರು. ಒಂದು ಸಂಜೆ ಪಕ್ಕದ ಮನೆಯ ಜಹನಾರಾ ಆಂಟಿಯ ಮಗ ಶಾಹಬಾಜ್ ನಮ್ಮ ಹೊಸ್ತಿಲಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದ. ಬಸು ಅಡುಗೆಮನೆಯಿಂದ ಲಟ್ಟಣಿಗೆ ತಂದು ಎರಡೂ ಕೈಯಿಂದ ಎತ್ತಿ ಅವನ ಹಣೆಗೆ ಬಿಟ್ಟ. ಕಿರುಚಾಟ ಕೇಳಿ ನಾನು ಓಡಿ ಬಂದಾಗ ಶಾಹಬಾಜ್ ನೆಲದ ಮೇಲೆ ಬಿದ್ದಿದ್ದ, ಬ್ರೆಡ್ಡೆಲ್ಲ ರಕ್ತ. ಬಸು ಮಾತ್ರ ನಗುತ್ತಾ "ಏಳು, ಏಳಲೇ" ಅನ್ನುತ್ತಿದ್ದ.

ಹುಬ್ಬಿನ ಮೇಲೆ ಆರು ಹೊಲಿಗೆ ಬಿದ್ದವು. ಜಹನಾರಾ ಆಂಟಿ ಆಸ್ಪತ್ರೆಯಿಂದ ಬಂದವಳೇ ನಮ್ಮ ಬಾಗಿಲಲ್ಲಿ ನಿಂತಳು. "ಶೇಷಮ್ಮಾ, ನಮ್ ಬಚ್ಚಾಂದು ಕಣ್ಣು ಹೋಗ್ಬಿಟ್ಟಿದ್ರೆ ಏನ್ ಮಾಡ್ಲಿ ನಾನು? ಅಲ್ಲಾ ಕಾಪಾಡ್ದ" ಎಂದು ಅತ್ತಳು. ಅವ್ವ ಅವಳ ಕಾಲು ಹಿಡಿಯಲು ಹೋದಳು. ಬಸುವನ್ನು ಸುರಪುರಕ್ಕೆ ಅಜ್ಜಿಯ ಹತ್ತಿರ ಕಳಿಸಿಬಿಡಬೇಕೆಂದು ಅವತ್ತೇ ತೀರ್ಮಾನವಾಯಿತು. ವಠಾರದ ಎಲ್ಲರೂ ಹೌದೆಂದರು. ತಮ್ಮ ಹೋಗಿಬಿಡುತ್ತಾನೆಂದು ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮುತ್ತುರಾಜಣ್ಣ ಬಂದು ಬಸುವಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಯಾಕೆ ಮಗಾ ಹೊಡ್ದೆ?"

"ಎದ್ದೇಳ್ತಾನ ಅನಕೊಂಡಿದ್ದೆ."

ಮುತ್ತುರಾಜಣ್ಣನ ಮುಖ ಇಳಿದುಹೋಯಿತು. ಅವ್ವನ ಕಡೆ ತಿರುಗಿದರು. "ಅಕ್ಕಾ, ಒಂದು ತಿಂಗ್ಳು ಟೈಂ ಕೊಡಿ. ಆ ನರಿನ ಮನೇಗೆ ತಂದಿದ್ದು ನನ್ ವೈರು. ನರಿನ ಊರು ಬಿಡಿಸ್ತೀನಿ, ಹುಡುಗನ್ನ ಬಿಡಿಸ್ಬೇಡಿ."

ಅವ್ವ ಗಟ್ಟಿ ಹೆಂಗಸು. "ಆತ್ರೀ ಅಣ್ಣಾ. ತಿಂಗಳದಾಗ ಮತ್ತ ಯಾರಿಗರ ಬಡದಾ ಅಂದ್ರ, ಅವತ್ತೇ ಬಸ್ಸಿಗೆ ಕುಂದ್ರಸ್ತೀನಿ" ಅಂದಳು.

ನಮ್ಮ ಮನೆಯ ಟಿವಿ ಮಾತ್ರ ಆರಿಸಿದರೆ ಆಗುವಂತಿರಲಿಲ್ಲ. ಆಗ ಗಲ್ಲಿಯ ಬಾಗಿಲುಗಳೆಲ್ಲ ತೆರೆದೇ ಇರುತ್ತಿದ್ದವು, ಬಸು ಯಾವ ಕಿಟಕಿಯಲ್ಲಾದರೂ ತಲೆ ತೂರಿಸಿ ನರಿಯನ್ನು ನೋಡುತ್ತಿದ್ದ. ಆದ್ದರಿಂದ ಮುತ್ತುರಾಜಣ್ಣ ಕಂಟ್ರೋಲ್ ರೂಮಿನಲ್ಲೇ ಚಾನೆಲ್ ನಿಲ್ಲಿಸಿದರು. ನಾಲ್ಕು ಗಂಟೆಗೆ ಇಡೀ ಗಲ್ಲಿಯ ಮಕ್ಕಳು ಒಂದೇ ರಾಗದಲ್ಲಿ ಅತ್ತರು. ಅಪ್ಪಂದಿರು ತಾರಸಿ ಹತ್ತಿದರು. "ಯಾವನೋ ಒಬ್ಬನ ಮಗ ಹೊಡೆದ್ರೆ ನಮ್ಮಕ್ಳಿಗ್ಯಾಕೆ ಶಿಕ್ಷೆ ಗುರು?" ಎಂದು ಸಂಶಯದಿಂದಲೇ ಜೋರು ಮಾಡಿದರು. ಮುತ್ತುರಾಜಣ್ಣ "ಡಿಶ್ ಕೆಟ್ಟಿದೆ" ಎಂದು ಒಂದು ವಾರ ಸುಳ್ಳು ಹೇಳಿ, ಎಂಟನೇ ದಿನ ಬೇಸತ್ತು ನಿಜ ಹೇಳಿದರು.

ಬರಿಯ ಖಾಲಿ ಪರದೆ ಬಿಟ್ಟರೆ ಸಾಲದೆಂದು ಅವರಿಗೆ ಹೊಳೆಯಿತು. ಶಿವಾಜಿನಗರದಲ್ಲಿ ಮದುವೆ ವಿಡಿಯೊ ತೆಗೆಯುವ ಗೆಳೆಯ ಅಕ್ತರ್ ಹತ್ತಿರ ಕ್ಯಾಮೆರಾ ಕೇಳಿ ತಂದು ಗಲ್ಲಿಯ ಮಕ್ಕಳ ಆಟವನ್ನೇ ತೆಗೆದರು. ಮರುದಿನ ನಾಲ್ಕಕ್ಕೆ ಅದನ್ನು ಹಾಕುವುದು. ಒಳ್ಳೆಯ ಉಪಾಯವೇ. ಆದರೆ ಕ್ಯಾಮೆರಾ ಕಂಡದ್ದೇ ನಾವೆಲ್ಲ ಮಾಡಿದ್ದೇನು? ಒಬ್ಬರಿಗೊಬ್ಬರು ಹೊಡೆದು, ನರಿಯ ಥರ ಚಪ್ಪಟೆಯಾಗಿ ಬಿದ್ದು, ಎದ್ದು ನಕ್ಕೆವು. ಮುತ್ತುರಾಜಣ್ಣ ಹಣೆ ಚಚ್ಚಿಕೊಂಡರು. "ಥೂ ನಿಮ್ಮ, ಬುದ್ಧಿವಂತ್ರಾ!" ಎಂದು ಕ್ಯಾಮೆರಾ ಮುಚ್ಚಿದರು.

ಆಮೇಲೆ ಅವರು ಜಹನಾರಾ ಆಂಟಿಯ ಮನೆಗೆ ಹೋಗಿ ತುಂಬಾ ಹೊತ್ತು ಮಾತಾಡಿದರು. ಆಂಟಿ ಮೊದಲು ಬೈದಳು, ಕೊನೆಗೆ "ತೋರ್ಸಿ. ಎಲ್ಲಾರೂ ನೋಡ್ಲಿ" ಅಂದಳು. ಅವತ್ತು ಸಂಜೆ ನಾಲ್ಕಕ್ಕೆ ಟಿವಿಯಲ್ಲಿ ಬಂದದ್ದು ಕ್ಲಿನಿಕ್ಕಿನಲ್ಲಿ ಕೂತ ಶಾಹಬಾಜ್. ನರ್ಸು ಅಂಟಿದ ಬಟ್ಟೆಯನ್ನು ಎಷ್ಟು ಮೆಲ್ಲಗೆ ಬಿಡಿಸಿದರೂ ಅವನು "ಅಮ್ಮೀ" ಎಂದು ಕಿರುಚಿದ. ಒಣಗಿದ ರಕ್ತ, ಕಪ್ಪು ಹೊಲಿಗೆ, ಊದಿದ ಕಣ್ಣು, ಏನನ್ನೂ ಮುತ್ತುರಾಜಣ್ಣ ಬಿಟ್ಟಿರಲಿಲ್ಲ. ಇಂಥದ್ದನ್ನು ಇವತ್ತು ತೋರಿಸಿದ್ದರೆ ಅವರ ಮೇಲೆ ಕೇಸೇ ಬೀಳುತ್ತಿತ್ತು, ಬೀಳಲೂಬೇಕು. ಆದರೆ ನನ್ನ ತಮ್ಮ ಟಿವಿಯಿಂದ ಹಿಂದೆ ಹಿಂದೆ ಸರಿದು, ಗೋಡೆಗೆ ತಗುಲಿ ನಿಂತು, "ಅಕ್ಕಾ, ಅವಾ ಯಾಕ ಎದ್ದಿಲ್ಲ?" ಎಂದು ಕೇಳಿದ್ದನ್ನು ನಾನು ಕಣ್ಣಾರೆ ಕಂಡೆ.

ಗಲ್ಲಿಯವರ ಸಿಟ್ಟು ಮಾತ್ರ ಇಳಿಯಲಿಲ್ಲ. ಪಕ್ಕದ ರಸ್ತೆಯ ಕೇಬಲ್‌ನವನು ನರಿಯನ್ನು ತೋರಿಸುತ್ತಿದ್ದ. ಒಂದೊಂದೇ ಮನೆ ಅವನ ಕಡೆ ಹೋಯಿತು, ಮುತ್ತುರಾಜಣ್ಣ ಏಣಿ ಹಾಕಿಕೊಂಡು ತಮ್ಮ ವೈರನ್ನು ತಾವೇ ಸುತ್ತಿಕೊಂಡು ಬಂದರು. ಅವರ ಕೇಬಲ್ ಮತ್ತೆ ಮೇಲೇಳಲೇ ಇಲ್ಲ. ಅವ್ವ ಕೊಟ್ಟಿದ್ದ ಆ ತಿಂಗಳು ಕಳೆಯಲು ಇನ್ನೂ ಒಂಬತ್ತು ದಿನವಿತ್ತು.

ಆ ಒಂಬತ್ತರಲ್ಲೇ ಒಂದು ದಿನ ತಾರಸಿಯ ಮೇಲೆ ಗೋಲಿಗಾಗಿ ಜಗಳವಾಯಿತು. ಬಸು ಶಾಹಬಾಜನ ಬೆನ್ನಿಗೆ ಗುದ್ದಿದ. ಅವನು ನೀರಿನ ತೊಟ್ಟಿಯ ಮೇಲೆ ಬಿದ್ದು ಮೊಣಕೈ ತರಚಿಕೊಂಡ. ಯಾರಿಗೂ ಹೇಳಬೇಡವೆಂದು ಶಾಹಬಾಜನ ಗಲ್ಲ ಹಿಡಿದು ಬೇಡಿಕೊಂಡೆ, ನನ್ನ ಗೋಲಿಯನ್ನೆಲ್ಲ ಕೊಟ್ಟೆ. ಅವನು ಒಪ್ಪಿದ. ಡಿಶ್ಶಿನ ಹಿಂದೆ ಮುತ್ತುರಾಜಣ್ಣ ಕೂತಿದ್ದು ನನಗೆ ಗೊತ್ತಿರಲಿಲ್ಲ.

ತಿಂಗಳು ಮುಗಿದ ದಿನ ಅವ್ವ ಅವರನ್ನು ಕರೆಸಿದಳು. "ಖರೇ ಹೇಳ್ರೀ ಅಣ್ಣಾ, ಯಾರಿಗರ ಬಡದಾನೇನು?"

"ಹೊಡ್ದ ಅಕ್ಕಾ. ಶಾಹಬಾಜ್‌ಗೇ ಹೊಡ್ದ. ನಾನೇ ನೋಡ್ದೆ."

ಅಷ್ಟು ದಿನ ನನ್ನ ಪಾಲಿನ ದೇವರಾಗಿದ್ದ ಮನುಷ್ಯನನ್ನು ಆ ಕ್ಷಣ ನಾನು ದ್ವೇಷಿಸಿದೆ. ತಮ್ಮ ವ್ಯಾಪಾರವನ್ನೇ ಹಾಳುಮಾಡಿಕೊಂಡವರಿಗೆ ಒಂದು ಸುಳ್ಳು ಹೇಳಲು ಏನಾಗಿತ್ತು?

"ಆದ್ರೆ ನಗ್ತಾ ನಿಂತ್ಕೊಳ್ಲಿಲ್ಲ ಅಕ್ಕಾ" ಎಂದರು ಅವರು. "ಅವ್ನ ಕೈ ಹಿಡ್ಕೊಂಡು ಊದ್ದ. ಊದ್ತಾ ಊದ್ತಾ ತಾನೇ ಅತ್ತ. ಹೊಡೀದೇ ಇರೋ ಹುಡುಗನ್ನ ನಾನು ಎಲ್ಲಿಂದ ತಂದ್ಕೊಡ್ಲಿ?"

ಅವ್ವ ಬಸುವನ್ನು ಹತ್ತಿರ ಕರೆದಳು. "ಭಾಳ ಬ್ಯಾನಿ ಆಗಿತ್ತೇನು ಅವಗ?" ಎಂದು ಕೇಳಿದಳು. ಬಸು ತನ್ನ ಮೊಣಕೈ ಎತ್ತಿ, ಶಾಹಬಾಜನಿಗೆ ತರಚಿದ್ದ ಜಾಗವನ್ನೇ ಮುಟ್ಟಿ ತೋರಿಸಿದ. "ಇಲ್ಲಿ ಆಗಿತ್ತವ್ವಾ" ಎಂದ.

ಅವ್ವ ಆ ಮೊಣಕೈಯನ್ನು ಸುಮ್ಮನೆ ಸವರಿದಳು. ಆಮೇಲೆ ಮುತ್ತುರಾಜಣ್ಣನ ಮುಖ ನೋಡದೆಯೇ, "ಇವಾ ಇಲ್ಲೇ ಇರ್ತಾನ್ರೀ ಅಣ್ಣಾ. ನೀವೂ ಕುಂದರ್ರಿ, ಊಟ ಮಾಡೀರಂತ" ಎಂದು ತಟ್ಟೆ ತರಲು ಎದ್ದಳು.